ಕಫದ ಡಬ್ಬಿ ನಡೆದ ದಾರಿ

ಮೌಳಂಗಿಯಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿಗೆ ಎರಡು ತಿಂಗಳಾದರೂ ಕೆಮ್ಮು ಬಿಡಲಿಲ್ಲ. "ಹೊಳಿ ಥಂಡಿ ಹತ್ತೇತಿ, ಹೋಗ್ತೇತಿ ಬಿಡಪಾ" ಎನ್ನುತ್ತಲೇ ಎರಡು ಸಲ ದವಾಖಾನೆಗೆ ಹೋಗಿಬಂದಿದ್ದರು. ಮೊದಲ ಸಲ ಕೆಮ್ಮಿನ ಬಾಟ್ಲಿ ಕೊಟ್ಟರು. ಎರಡನೇ ಸಲ ಕಫದ ಸ್ಲೈಡ್ ನೋಡಿ ‘ನೆಗೆಟಿವ್’ ಎಂದರು. ಕೊನೆಗೆ ಆಶಾ ಕಾರ್ಯಕರ್ತೆ ಹಟ ಹಿಡಿದು ಇನ್ನೊಂದು ಡಬ್ಬಿ ಕಫ ಕಳಿಸಿದರು, ಮಷಿನ್ ಪರೀಕ್ಷೆಗೆ. ಕ್ಷಯ ಇದೆ ಎಂದು ಬಂತು. ಅದೇ ಎದೆಯ ಕಫಕ್ಕೆ ಎರಡು ಉತ್ತರ ಹೇಗೆ ಎಂದು ನಾವು ಹುಡುಕತೊಡಗಿದೆವು.

ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಲೋಕಕ್ಕೆ ತಿಳಿಸಿದ್ದು 1882ರ ಮಾರ್ಚ್ 24ರಂದು. ಕಫಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಆ ಕಾಲದ್ದೇ. ಅಗ್ಗದ ಕೆಲಸ, ನಿಜ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಕಫವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು ಇದಕ್ಕಿಂತ ಸೂಕ್ಷ್ಮ, ಆದರೆ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮನೆಮಂದಿಗೂ ರೋಗ ಅಂಟಿರುತ್ತದೆ.

ಈ ಕತೆಯ ದೊಡ್ಡ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆದದ್ದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿದವು. ರೋಗಿಗಳು ಎಂದು ಗೊತ್ತಾದವರನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತನಾಡಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ದವಾಖಾನೆಗೆ ಬರುವುದಿಲ್ಲ ಎಂಬ ಮಾತು ಸುಳ್ಳಾಯಿತು. ಬಹುತೇಕರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ, ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಓದಿದಾಗ ನಮಗೆ ನಮ್ಮ ಹಿರಿಯರ ಆ ಬಾಟ್ಲಿಯೇ ಕಣ್ಣಮುಂದೆ ಬಂತು. ಅರವತ್ತು ವರ್ಷದ ಹಿಂದಿನ ವರದಿ ಅದು!

ಮಷಿನ್ ಪರೀಕ್ಷೆಯ ಕಾಲ ಬಂದದ್ದು 2010ರಲ್ಲಿ. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಇದು ಬ್ಯಾಕ್ಟೀರಿಯಾವನ್ನು ಎಣಿಸುವುದಿಲ್ಲ. ಅದರ ಡಿಎನ್‌ಎಯ ಒಂದು ತುಣುಕನ್ನು ಲಕ್ಷಾಂತರ ಪಟ್ಟು ನಕಲು ಮಾಡಿ ಗುರುತು ಹಿಡಿಯುತ್ತದೆ. ಹಾಗಾಗಿ ಮಿಲಿಲೀಟರಿಗೆ ನೂರಿಪ್ಪತ್ತು ನೂರೈವತ್ತರಷ್ಟು ಇದ್ದರೂ ಸಿಕ್ಕಿಬೀಳುತ್ತವೆ. ರಿಫಾಂಪಿಸಿನ್ ಮಾತ್ರೆಗೆ ಬಗ್ಗದ ತಳಿಯೇ ಎಂಬುದೂ ಎರಡು ತಾಸಿನೊಳಗೆ ತಿಳಿಯುತ್ತದೆ. ಆದರೆ ಅದಕ್ಕೆ ತಂಪು ಕೋಣೆ ಬೇಕು, ಕೈಕೊಡದ ಕರೆಂಟ್ ಬೇಕು. ಮಳೆಗಾಲದಲ್ಲಿ ಜೋಯಿಡಾ ಕಡೆ ತಿರುಗಾಡಿದವರಿಗೆ ಇದರ ಕಷ್ಟ ವಿವರಿಸಬೇಕಿಲ್ಲ.

ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಹುಟ್ಟಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ತಯಾರಿಸುವ ಮೋಲ್‌ಬಯೋ ಕಂಪನಿ ಇರುವುದು ಗೋವಾದಲ್ಲಿ, ಜೋಯಿಡಾದಿಂದ ಘಟ್ಟ ಇಳಿದರೆ ಸಿಗುವ ನೆರೆರಾಜ್ಯ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಶಿಫಾರಸು ಮಾಡಿತು. ಅದೇ ವರ್ಷ ಈ ಪೆಟ್ಟಿಗೆಗಳು ಕೋವಿಡ್ ಪರೀಕ್ಷೆಗೆ ಬಳಕೆಯಾದವು. ‘ಟ್ರೂನ್ಯಾಟ್’ ಎಂಬ ಹೆಸರು ನಮ್ಮ ಸುದ್ದಿಗಳಿಗೆ ಬಂದದ್ದೇ ಆಗ, ಕ್ಷಯದ ನೆನಪಿಲ್ಲದೆ. ನಾವೂ ಹಾಗೆಯೇ ಬರೆದೆವು.

ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಈ ಮಷಿನ್‌ಗಳಿಗೆ ಸಿಗುತ್ತದೆ. ಅದಕ್ಕೇ ಚಿಕಿತ್ಸೆ ನಡುವೆ ಗುಣ ಆಗುತ್ತಿದೆಯೇ ಎಂದು ನೋಡಲು ಇವು ಬರುವುದಿಲ್ಲ. ಅಲ್ಲಿ ಹಳೆಯ ಸ್ಲೈಡೇ ಗತಿ. ನಮ್ಮ ಹಿರಿಯರದ್ದು ಈಗ ನಾಲ್ಕನೇ ತಿಂಗಳ ಮಾತ್ರೆ. ಹೋದ ವಾರ ಅವರೇ ಡಬ್ಬಿ ಹಿಡಿದು ದಾಂಡೇಲಿಗೆ ಹೊರಟಿದ್ದರು. "ಈ ಸಲ ನೆಗೆಟಿವ್ ಅಂದ್ರ ಖರೇನ ಹೌದಲ್ಲೋ?" ಎಂದು ಕೇಳಿದರು.