ಎರಡನೇ ಜೊತೆ ಯೂನಿಫಾರ್ಮಿನ ಕತೆ

ಶಾಲೆಯ ಸಮವಸ್ತ್ರ ಮೊದಲು ಹುಟ್ಟಿದ್ದೇ ಬಡ ಮಕ್ಕಳಿಗೆ ಪುಕ್ಕಟೆ ಬಟ್ಟೆ ಕೊಡುವುದಕ್ಕೆ. ಈಗ ಜೂನ್ ಬಂತೆಂದರೆ ಬಡವರ ಮನೆಯಲ್ಲಿ ತಲೆಬಿಸಿ ಶುರುವಾಗುವುದು ಇದೇ ಬಟ್ಟೆಯಿಂದ. ಇದು ಹೇಗೆ ತಿರುಗುಮುರುಗಾಯಿತು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1552ರಲ್ಲಿ ಲಂಡನ್ ನಗರದಲ್ಲಿ ಅನಾಥ, ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಸಂಸ್ಥೆ ಶುರುವಾಯಿತು. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ಶಾಲೆ. ಮಕ್ಕಳಿಗೆ ಊಟ, ವಸತಿಯ ಜೊತೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಕೊಟ್ಟರು. ನೀಲಿಯೇ ಯಾಕೆ ಎಂದರೆ ಆಗ ಅಗ್ಗಕ್ಕೆ ಸಿಗುತ್ತಿದ್ದ ಬಣ್ಣ ಅದು. ನೀಲಿ ಕೋಟು ಕಂಡರೆ ಧರ್ಮಕ್ಕೆ ಓದುವ ಹುಡುಗ ಎಂದು ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು. ಆ ಶಾಲೆ ಇಂದಿಗೂ ಇದೆ, ಮಕ್ಕಳು ಇಂದಿಗೂ ಅದೇ ಕೋಟು ಹಾಕುತ್ತಾರೆ. ಮುಂದೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಶಾಲೆಗಳೂ ತಮ್ಮ ತಮ್ಮ ಕೋಟು, ಟೈ, ಟೋಪಿ ಮಾಡಿಕೊಂಡವು. ಬಡವನ ಗುರುತಾಗಿದ್ದ ಬಟ್ಟೆ ದೊಡ್ಡಸ್ತಿಕೆಯ ಗುರುತಾಯಿತು. ಟೈ ಕಟ್ಟಿಸುವ ಕಾನ್ವೆಂಟ್ ಪದ್ಧತಿ ನಮ್ಮಲ್ಲಿಗೆ ಬಂದಿದ್ದು ಈ ದಾರಿಯಿಂದ. ಏಪ್ರಿಲ್ ಬಿಸಿಲಲ್ಲೂ ಟೈ ಯಾಕೆ ಬೇಕು ಎಂದು ಕೇಳಿದರೆ ಉತ್ತರ ಇರುವುದು ಲಂಡನ್ನಿನ ಚಳಿಯಲ್ಲಿ.

ನಮ್ಮ ಸರ್ಕಾರಿ ಶಾಲೆಗೆ ಮಾತ್ರ ಬಹಳ ವರ್ಷ ಇದ್ದಿದ್ದು ಬಿಳಿ ಅಂಗಿ, ಖಾಕಿ ಚಡ್ಡಿ. ಹೆಣ್ಣುಮಕ್ಕಳಿಗೆ ಬಿಳಿ ಕುಪ್ಪಸ, ನೀಲಿ ಲಂಗ. ಖಾಕಿಗೂ ಕನ್ನಡ ನೆಲಕ್ಕೂ ಒಂದು ನಂಟಿದೆ. ಖಾಕ್ ಎಂದರೆ ಪಾರ್ಸಿ ಮಾತಿನಲ್ಲಿ ಧೂಳು. ಧೂಳು ಬಣ್ಣದ ಬಟ್ಟೆಯನ್ನು 1840ರ ದಶಕದಲ್ಲೇ ಪೇಶಾವರದ ಕಡೆಯ ಬ್ರಿಟಿಷ್ ಪಡೆಯೊಂದು ಹಾಕಿಕೊಳ್ಳುತ್ತಿತ್ತು. ಆದರೆ ಮಗ್ಗದ ಬಟ್ಟೆಗೆ ಕೂರುವ ಖಾಕಿ ಬಣ್ಣವನ್ನು 1850ರ ದಶಕದ ಆರಂಭದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಕಾರಿಕೆಯಲ್ಲಿ ಜಾನ್ ಹಾಲರ್ ಎಂಬಾತ ತಯಾರಿಸಿದ ಎಂದು ಕರಾವಳಿಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಪೊಲೀಸರಿಗೆ, ಸಿಪಾಯಿಗಳಿಗೆ, ಕಂಡಕ್ಟರಿಗೆ ಆಗಿ ಉಳಿದಿದ್ದು ನಮ್ಮ ಹುಡುಗರ ಚಡ್ಡಿಗೂ ಬಂತು. ಧೂಳು ಬಿದ್ದರೂ ಕಾಣದ ಬಟ್ಟೆ, ಮೂರು ದಿನ ಒಗೆಯದಿದ್ದರೂ ನಡೆಯುತ್ತದೆ. ಒಂದೇ ಜೊತೆ ಇರುವ ಮನೆಗೆ ಇದಕ್ಕಿಂತ ಒಳ್ಳೆ ಬಣ್ಣ ಇಲ್ಲ. ತೊಂದರೆ ಇದ್ದಿದ್ದು ಮೇಲಿನ ಬಿಳಿ ಅಂಗಿಯದು. ಕೆಂಪು ಮಣ್ಣಿನ ಊರಿನಲ್ಲಾಗಲಿ, ಎರೆಮಣ್ಣಿನ ಊರಿನಲ್ಲಾಗಲಿ ಬಿಳಿ ಅಂಗಿ ಒಂದು ದಿನ ತಾಳಿದರೆ ಹೆಚ್ಚು. ನೀಲಿ ಹಾಕಿ ಹಿಂಡಿ ಹಿಂಡಿ ಕೊರಳಪಟ್ಟಿ ಹರಿದುಹೋಗುತ್ತಿತ್ತು. ಈಗಿನ ಖಾಸಗಿ ಶಾಲೆಗಳ ಶನಿವಾರದ ಬಿಳಿ ಡ್ರೆಸ್ಸು, ಬಿಳಿ ಬೂಟು ಯಾರ ತಲೆಯಿಂದ ಬಂತೋ ಕಾಣೆ. ಅವರ ಮನೆಯಲ್ಲಿ ಬಟ್ಟೆ ಒಗೆಯುವವರು ಬೇರೆ ಯಾರೋ ಇದ್ದಿರಬೇಕು.

ಎಲ್ಲ ಮಕ್ಕಳಿಗೂ ಒಂದೇ ಬಟ್ಟೆ ಯಾಕೆ ಎಂಬ ಪ್ರಶ್ನೆಗೆ ನಮ್ಮ ಕಡೆ ಬೇರೆಯದೇ ಒಂದು ಉತ್ತರ ಇತ್ತು. ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನು ಎಲ್ಲ ಸರ್ಕಾರಿ ಶಾಲೆಗಳಿಗೆ ಸೇರಿಸಬೇಕೆಂದು ಆದೇಶ ಆಗಿದ್ದು 1915ರಲ್ಲಿ. ಬಾಗಿಲು ತೆರೆಯಿತು, ಆದರೆ ಒಳಗೆ ಬಂದ ಮಗುವಿನ ಮೈಮೇಲಿನ ಬಟ್ಟೆ ಯಾವ ಕೇರಿಯಿಂದ ಬಂದವನು ಎಂದು ಹೇಳಿಬಿಡುತ್ತಿತ್ತು. ಪಕ್ಕದ ಮದರಾಸು ರಾಜ್ಯದಲ್ಲಿ ಕಾಮರಾಜ್ 1954ರಿಂದ 1963ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಇದಕ್ಕೆ ಕೈಹಾಕಿದರು. ಮೊದಲು ಮಧ್ಯಾಹ್ನದ ಊಟ, ಆಮೇಲೆ ಪುಕ್ಕಟೆ ಸಮವಸ್ತ್ರ. ಊಟ ಕೊಟ್ಟರೆ ಹಸಿದ ಮಗು ಶಾಲೆಗೆ ಬರುತ್ತದೆ, ಸರಿ. ಮೈಮೇಲೆ ಹರಕು ಇದ್ದ ಮಗು ಊಟಕ್ಕೂ ಬರಲು ನಾಚುತ್ತದೆ. ಕಾಮರಾಜ್ ಸ್ವತಃ ಹೆಚ್ಚು ಓದದೆ ಶಾಲೆ ಬಿಟ್ಟವರು, ಹಾಗಾಗಿ ಈ ಎರಡನೇ ಮಾತು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ ಎಂದು ನನ್ನ ಅನಿಸಿಕೆ.

ಕರ್ನಾಟಕದಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಕೊಡುವ ಯೋಜನೆಗೆ ವಿದ್ಯಾವಿಕಾಸ ಎಂದು ಹೆಸರು. ಇದರಲ್ಲಿ ಒಂದು ಜಾಣತನ ಇತ್ತು. ಬಟ್ಟೆಯನ್ನು ಹೊರಗಿನ ಮಿಲ್‌ನಿಂದ ತರುವ ಬದಲು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮಕ್ಕೆ ಕೆಲಸ ಕೊಟ್ಟರು. 1975ರಲ್ಲಿ ಶುರುವಾದ ಈ ನಿಗಮದ ನೇಕಾರರಿಗೆ ಶಾಲೆ ಬಟ್ಟೆಯೇ ದೊಡ್ಡ ದುಡಿಮೆ ಆಯಿತು. ಅಂದರೆ ಒಬ್ಬ ಬಡವನ ಮಗಳ ಲಂಗದ ಬಟ್ಟೆಯನ್ನು ಇನ್ನೊಬ್ಬ ಬಡವ ನೇಯ್ದ. ಕೇರಳ ಕೂಡ ಆಮೇಲೆ ಕೈಮಗ್ಗದ ಸಮವಸ್ತ್ರ ಯೋಜನೆ ಮಾಡಿ ತನ್ನ ನೇಕಾರರನ್ನು ಉಳಿಸಿಕೊಳ್ಳಲು ನೋಡಿತು. ನಮ್ಮಲ್ಲಿ ಆರ್ಡರ್ ತಡವಾದ ವರ್ಷ ಮಗ್ಗವೂ ನಿಂತಿತು, ಬಟ್ಟೆಯೂ ಜೂನ್ ದಾಟಿ ದಸರೆಯ ಹೊತ್ತಿಗೆ ಬಂತು. ಎರಡು ಕಡೆಯ ಬಡವರೂ ಒಟ್ಟಿಗೇ ಕಾದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಜೊತೆ ಬಟ್ಟೆಯಲ್ಲಿ ವಾರಕ್ಕೆ ಆರು ದಿನ ಶಾಲೆಗೆ ಹೋಗುವುದು ಹೇಗೆ? ಸಂಜೆ ಬಂದ ಕೂಡಲೇ ಬಿಚ್ಚಿ ಒಗೆದು ಹಾಕಬೇಕು. ಮಳೆಗಾಲದಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಬೆಳಿಗ್ಗೆ ಹಸಿಹಸಿಯಾಗಿಯೇ ಹಾಕಿಕೊಂಡು ಹೋದರೆ ಹೊಗೆ ವಾಸನೆ. ಒಣಗದಿದ್ದರೆ ಅವತ್ತು ಶಾಲೆ ಇಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುತ್ತಾರೆ, ಯಾಕೆ ಎಂದು ಬರೆಯಲು ಅಲ್ಲಿ ಜಾಗ ಇಲ್ಲ. ದೊಡ್ಡ ಹುಡುಗಿಯರಿಗೆ ತಿಂಗಳ ಆ ದಿನಗಳಲ್ಲಿ ಒಂದೇ ಜೊತೆ ಎಂದರೆ ಏನು ಎಂಬುದನ್ನು ಮನೆಯ ಹೆಂಗಸರನ್ನು ಕೇಳಿ.

ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಮಗುವಿನ ಓದಿಗೆ ಅಡ್ಡ ಬರುವ ಯಾವ ಖರ್ಚನ್ನೂ ಪೋಷಕರ ಮೇಲೆ ಹೊರಿಸಬಾರದು ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಆ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನದಲ್ಲಿ ವರ್ಷಕ್ಕೆ ಎರಡು ಜೊತೆಗೆ ತಲಾ 400 ರೂಪಾಯಿ ಇಟ್ಟರು. ಅದು ಎಲ್ಲ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದ ಹುಡುಗರಿಗೆ, ಬಿಪಿಎಲ್ ಮನೆಯ ಹುಡುಗರಿಗೆ. ಕಾರ್ಡ್ ನೋಡಿ ಬಟ್ಟೆ ಹಂಚಿದರೆ ಒಂದೇ ಬೆಂಚಿನಲ್ಲಿ ಮತ್ತೆ ಎರಡು ಗುಂಪು ಆಗುತ್ತದಲ್ಲ? ಕರ್ನಾಟಕ ಸರ್ಕಾರ ತನ್ನ ಹಣ ಸೇರಿಸಿ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಕೊಟ್ಟಿತು. ಇದನ್ನು ಮೆಚ್ಚಲೇಬೇಕು.

ಆದರೆ ಎರಡನೇ ಜೊತೆ ಎಲ್ಲ ಕಡೆ ತಲುಪಲಿಲ್ಲ. ಕೊನೆಗೆ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗನ ಹೆಸರಿನಲ್ಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಕಾನೂನಿನಲ್ಲಿರುವ ಎರಡು ಜೊತೆ ಬಟ್ಟೆ, ಬೂಟು, ಕಾಲುಚೀಲ ಕೊಡಿಸಿ ಎಂಬುದಷ್ಟೇ ಕೇಳಿಕೆ. 2019ರಲ್ಲಿ ಹೈಕೋರ್ಟ್ ಎರಡನೇ ಜೊತೆ ಕೊಡಲೇಬೇಕು ಎಂದು ಸರ್ಕಾರಕ್ಕೆ ಹೇಳಿತು. ಅದು ಜಾರಿ ಆಗಿಲ್ಲವೆಂದು ನ್ಯಾಯಾಂಗ ನಿಂದನೆ ಅರ್ಜಿ ಬಿತ್ತು. 2023ರ ಆರಂಭದಲ್ಲಿ ಕೋರ್ಟು ಅಧಿಕಾರಿಗಳನ್ನು ಖಾರವಾಗಿಯೇ ತರಾಟೆಗೆ ತೆಗೆದುಕೊಂಡಿತು. ನಮ್ಮ ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿ ಒಂದು ಕಾಲಂನಲ್ಲಿ ಮುಗಿದುಹೋಗುತ್ತದೆ. ನನ್ನ ಲೆಕ್ಕದಲ್ಲಿ ಅದು ಮುಖಪುಟದ ಸುದ್ದಿ. ಲಕ್ಷಾಂತರ ಮಕ್ಕಳ ಅಂಗಿಗಾಗಿ ಒಬ್ಬ ಹುಡುಗ ರಾಜ್ಯದ ಮೇಲೆ ದಾವೆ ಹೂಡಿದ್ದು ಸಣ್ಣ ಮಾತಲ್ಲ.

ಇನ್ನೊಂದು ಗಂಟು ಹೊಲಿಗೆಯದು. ಬಹಳಷ್ಟು ಸಲ ಮಗುವಿನ ಕೈಗೆ ಬರುವುದು ಬಟ್ಟೆಯ ತುಂಡು, ಹೊಲಿದ ಅಂಗಿಯಲ್ಲ. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ 400 ಇದ್ದಿದ್ದು 600 ಆಯಿತು. ಎರಡು ಜೊತೆಗೆ 600 ಎಂದರೆ ಜೊತೆಗೆ 300. ಅಷ್ಟರಲ್ಲಿ ಬಟ್ಟೆ, ಗುಂಡಿ, ಹೊಲಿಗೆ ಎಲ್ಲ ಆಗುತ್ತದೆಯೇ ಎಂದು ನಿಮ್ಮೂರಿನ ಟೈಲರ್ ಹತ್ತಿರ ಕೇಳಿ ನೋಡಿ. ಇಬ್ಬರು ಮೂವರು ಮಕ್ಕಳಿರುವ ಮನೆಗೆ ಪುಕ್ಕಟೆ ಬಟ್ಟೆಯೇ ಕೂಲಿಯ ಒಂದೆರಡು ದಿನ ತಿನ್ನುತ್ತದೆ. ಆಂಧ್ರ 2020ರಲ್ಲಿ ಮೂರು ಜೊತೆ ಬಟ್ಟೆ ಕೊಟ್ಟು ಹೊಲಿಗೆ ಕೂಲಿಯನ್ನೂ ಜೊತೆಗೆ ಕೊಟ್ಟಿತು. ಉತ್ತರ ಪ್ರದೇಶ 2021ರಿಂದ ಬಟ್ಟೆ ಕೊಡುವುದು ಬಿಟ್ಟು ಹಣವನ್ನೇ ಪೋಷಕರ ಖಾತೆಗೆ ಹಾಕುತ್ತಿದೆ. ಹಣ ಕೊಡುವುದು ಸುಲಭ ಅನ್ನಿಸಬಹುದು. ಆದರೆ ಮನೆಯಲ್ಲಿ ಕಾಯಿಲೆ, ಬಡ್ಡಿ, ಬೀಜ ಗೊಬ್ಬರ ಎಲ್ಲವೂ ಅದೇ ಖಾತೆಯನ್ನು ನೋಡುತ್ತಿರುತ್ತವೆ. ಬಟ್ಟೆ ಬಂದರೆ ಮಾತ್ರ ಅದು ಮಗುವಿನ ಮೈಮೇಲೇ ಹೋಗುತ್ತದೆ. ಹೊಲಿದ ಬಟ್ಟೆಯೇ ಬರಬೇಕು ಎನ್ನುವವರ ಪರ ನಾನು.

ಊರಿನ ತಾಯಂದಿರು ಸರ್ಕಾರಕ್ಕಿಂತ ಮೊದಲೇ ತಮ್ಮ ದಾರಿ ಕಂಡುಕೊಂಡಿದ್ದರು. ಲಂಗದ ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿ ಹೊಲಿಸಿ, ಮಗಳು ಬೆಳೆದಂತೆ ವರ್ಷಕ್ಕೊಮ್ಮೆ ಬಿಚ್ಚುವುದು. ಅಣ್ಣನ ಚಡ್ಡಿ ತಮ್ಮನಿಗೆ, ಅವನದು ಚಿಕ್ಕಪ್ಪನ ಮಗನಿಗೆ. ಕೊನೆಗೆ ಅದು ಕೌದಿಯೊಳಗೆ ಸೇರುತ್ತಿತ್ತು. ಈ ಕೈದಾಟ ನಡೆಯಬೇಕಾದರೆ ಬಣ್ಣ ಬದಲಾಗಬಾರದು. ಖಾಸಗಿ ಶಾಲೆಗಳು ಪೆಟ್ಟು ಕೊಡುವುದು ಇಲ್ಲೇ. ಎರಡು ವರ್ಷಕ್ಕೊಮ್ಮೆ ಚೌಕುಳಿ ಬದಲಿಸಿ, ಜೇಬಿನ ಮೇಲೆ ಲಾಂಛನ ಹಾಕಿ, ಇಂಥದೇ ಅಂಗಡಿಯಲ್ಲಿ ತನ್ನಿ ಎನ್ನುತ್ತಾರೆ. ಅಣ್ಣನ ಅಂಗಿ ಚೆನ್ನಾಗಿದ್ದರೂ ತಮ್ಮನಿಗೆ ಬರುವುದಿಲ್ಲ.

ಇದಕ್ಕೆ ನಿಯಮ ಇದೆ. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮದ ಪ್ರಕಾರ ಶಾಲೆ ಒಮ್ಮೆ ಸಮವಸ್ತ್ರ ಗೊತ್ತುಮಾಡಿದರೆ ಮುಂದಿನ 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. 2022ರಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಈ ನಿಯಮದ ಹೆಸರು ಟೀವಿಯಲ್ಲಿ ದಿನವೂ ಕೇಳಿಬಂತು. ಐದು ವರ್ಷದ ಸಾಲು ಮಾತ್ರ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಸಿಬಿಎಸ್‌ಇ ಮಂಡಳಿ ಕೂಡ 2017ರಲ್ಲಿ ಶಾಲೆಯ ಒಳಗೆ ಪುಸ್ತಕ, ಸಮವಸ್ತ್ರದ ಅಂಗಡಿ ಇಡಬೇಡಿ ಎಂದು ತನ್ನ ಶಾಲೆಗಳಿಗೆ ಹೇಳಿತ್ತು. ಯೂನಿಫಾರ್ಮಿನ ತವರು ಇಂಗ್ಲೆಂಡಿನಲ್ಲೇ 2021ರಲ್ಲಿ ಇದರ ಖರ್ಚಿನ ಬಗ್ಗೆ ಒಂದು ಕಾಯ್ದೆ ಮಾಡಿದರು. ಲಾಂಛನದ ಬಟ್ಟೆ ಕಡಿಮೆ ಮಾಡಿ, ಹಳೆ ಬಟ್ಟೆ ಸಿಗುವಂತೆ ನೋಡಿಕೊಳ್ಳಿ ಎಂದು ಅಲ್ಲಿನ ಶಾಲೆಗಳಿಗೆ ಈಗ ಸೂಚನೆ ಇದೆ.

ಸರ್ಕಾರಿ ಶಾಲೆಯ ವಿಚಾರಕ್ಕೆ ಕೇಳುವ ಜಾಗ ಊರಲ್ಲೇ ಇದೆ. 2001ರಿಂದ ಪ್ರತಿ ಶಾಲೆಗೂ ಎಸ್‌ಡಿಎಂಸಿ ಇದೆ, ಅದರಲ್ಲಿ ಕೂರುವವರು ಪೋಷಕರೇ. ಮೊದಲ ಜೊತೆ ಬಂದ ತಾರೀಕು ಯಾವುದು, ಎರಡನೆಯದಕ್ಕೆ ಹಣ ಬಂತೇ ಬಟ್ಟೆ ಬಂತೇ, ಎಷ್ಟು ಮಕ್ಕಳಿಗೆ ಹಂಚಿದರು ಎಂಬುದು ಶಾಲೆಯ ದಾಖಲೆಯಲ್ಲಿ ಇರುತ್ತದೆ. ಮುಂದಿನ ಸಭೆಯಲ್ಲಿ ಆ ಪುಸ್ತಕ ತೆಗೆಸಿ ನೋಡಿ.