ಮೇದೋಜೀರಕದ ಉರಿಯೂತ: ನಳಿಕೆಯ ಆಹಾರ ಮತ್ತು ಕರುಳಿನ ಬ್ಯಾಕ್ಟೀರಿಯಾ

ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ಬಾಯಿಂದ ಉಣ್ಣಲಾಗದ ರೋಗಿಗೆ ಮೂಗಿನಿಂದ ಇಳಿಸಿದ ನಳಿಕೆಯ ಮೂಲಕ ದ್ರವಾಹಾರ ಕೊಡುತ್ತಾರೆ. ಪಿತ್ತಕೋಶದ ಕಲ್ಲು, ಮದ್ಯ ಈ ರೋಗದ ಮುಖ್ಯ ಕಾರಣಗಳು. ಸೌಮ್ಯ ರೂಪದಲ್ಲಿ ರೋಗಿ ಕೆಲವೇ ದಿನಗಳಲ್ಲಿ ಉಣ್ಣುತ್ತಾನೆ, ನಳಿಕೆ ಬೇಕಾಗದು.

ಗ್ರಂಥಿಗೆ ವಿಶ್ರಾಂತಿ ಸಿಗಲೆಂದು ಹಿಂದೆ ರೋಗಿಯನ್ನು ಉಪವಾಸ ಕೆಡವಿ, ರಕ್ತನಾಳದ ಮೂಲಕ ಪೋಷಕಾಂಶ ಹರಿಸುತ್ತಿದ್ದರು. ಆದರೆ ಆಹಾರ ಕಾಣದ ಕರುಳಿನ ಒಳಪದರ ಸೊರಗುತ್ತದೆ. ಉಪಕಾರಿ ಬೈಫಿಡೊಬ್ಯಾಕ್ಟೀರಿಯಾ ತಗ್ಗಿ, ಈ. ಕೊಲೈ, ಕ್ಲೆಬ್ಸಿಯೆಲ್ಲ, ಎಂಟೆರೊಕಾಕಸ್‌ಗಳ ಕೈ ಮೇಲಾಗುತ್ತದೆ. ಅವು ಕರುಳಿನ ಗೋಡೆ ದಾಟಿ ಗ್ರಂಥಿಯ ಸತ್ತ ಭಾಗಕ್ಕೆ ಸೇರಿದರೆ ಕೀವು ಕಟ್ಟುತ್ತದೆ. ರೋಗ ಶುರುವಾಗಿ ಕೆಲವು ವಾರಗಳ ನಂತರದ ಸಾವುಗಳಿಗೆ ಬಹುಮಟ್ಟಿಗೆ ಈ ಸೋಂಕೇ ಕಾರಣ. ಕರುಳಿಗೆ ಕೆಲಸ ಕೊಡುವುದೇ ಅದಕ್ಕೆ ರಕ್ಷೆ ಎಂಬ ತಿಳಿವಳಿಕೆ ಇಲ್ಲಿಂದ ಬಂತು.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೇ (ಪ್ರೋಬಯಾಟಿಕ್) ನಳಿಕೆಯಲ್ಲಿ ಬಿಟ್ಟರೆ? ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರೊಪಾಟ್ರಿಯಾ ಪ್ರಯೋಗ ಇದನ್ನೇ ಪರೀಕ್ಷಿಸಿತು. ಸೋಂಕು ತಗ್ಗಲಿಲ್ಲ. ಪ್ರೋಬಯಾಟಿಕ್ ಪಡೆದವರಲ್ಲಿ ಶೇ. 16, ಪಡೆಯದವರಲ್ಲಿ ಶೇ. 6 ಮಂದಿ ಸತ್ತರು. ಪಡೆದವರಲ್ಲಿ 9 ಮಂದಿಯ ಕರುಳಿಗೆ ರಕ್ತ ಹರಿಯದೆ ಹೋಯಿತು. ತರ್ಕ ಎಷ್ಟೇ ಸೊಗಸಾಗಿದ್ದರೂ ಪ್ರಯೋಗವಿಲ್ಲದೆ ನಂಬಬಾರದೆಂಬುದಕ್ಕೆ ಇಷ್ಟು ಕಹಿಯಾದ ಉದಾಹರಣೆ ವಿರಳ. ಅದೇ ದೇಶದ ಪೈಥಾನ್ ಪ್ರಯೋಗ (2014) ಇನ್ನೊಂದು ಅವಸರಕ್ಕೆ ಕಡಿವಾಣ ಹಾಕಿತು: 24 ಗಂಟೆಯೊಳಗೆ ನಳಿಕೆ ಹಾಕಿದವರಿಗೂ 72 ಗಂಟೆ ಕಾದು ಬಾಯಿಂದ ಉಣಿಸಿ ನೋಡಿದವರಿಗೂ ಸೋಂಕು, ಸಾವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ನಳಿಕೆಯೇ ಬೇಕಾಗಲಿಲ್ಲ.

ದೊಡ್ಡ ಆಸ್ಪತ್ರೆ ಊರಲ್ಲೇ ಇಲ್ಲದ ಕಡೆ ನಳಿಕೆ ಹಾಕುವುದು ಹೇಗೆ? ಆಂಧ್ರದ ಗಡಿಯ ಆದೋನಿ, ಆಲೂರು ಸೀಮೆಯನ್ನೇ ನೋಡಿ. ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಪೂರ್ವಕ್ಕೆ ಕರ್ನೂಲಿನಲ್ಲಿ, ಗಡಿಯಾಚೆ ಬಳ್ಳಾರಿಯಲ್ಲಿ ಇವೆ. ಇಂಥ ಸೀಮೆಗೆ ಬೆಲೆಯುಳ್ಳ ಸಂಗತಿಯೊಂದಿದೆ. ನಳಿಕೆಯ ತುದಿ ಸಣ್ಣಕರುಳಿಗೇ ಮುಟ್ಟಬೇಕೆಂದಿಲ್ಲ. ಜಠರಕ್ಕೆ ಇಳಿಸುವ ಸಾದಾ ರೈಲ್ಸ್ ಟ್ಯೂಬ್ ಹೆಚ್ಚಿನವರಿಗೆ ಸಾಕೆಂದು ಗ್ಲಾಸ್ಗೋ, ದೆಹಲಿಯ ಸಣ್ಣ ಅಧ್ಯಯನಗಳು ತೋರಿಸಿವೆ. ಇದನ್ನು ಎಂಡೋಸ್ಕೋಪಿ ಇಲ್ಲದೆ ಹಾಸಿಗೆಯ ಬಳಿಯೇ ಹಾಕಬಹುದು. ವಾಂತಿ ನಿಲ್ಲದಿದ್ದರೆ ಅಥವಾ ಜಠರದ ಹೊರದಾರಿ ಕಟ್ಟಿಕೊಂಡಿದ್ದರೆ ಮಾತ್ರ ಉದ್ದದ ನಳಿಕೆ ಬೇಕು.

ಆಹಾರ ಹರಿಯುವಾಗ ರೋಗಿಯ ತಲೆಯ ಕಡೆಯನ್ನು 30ರಿಂದ 45 ಡಿಗ್ರಿ ಎತ್ತಿರಬೇಕು. ಗಂಜಿ, ಬೇಳೆಕಟ್ಟು ಕೊಡಲು ವೈದ್ಯರು ಒಪ್ಪಿದರೆ ಬಟ್ಟೆಯಲ್ಲಿ ಸೋಸಿಯೇ ಬಿಡಬೇಕು, ಕೊಟ್ಟ ಮೇಲೆ ಕುದಿಸಿ ಆರಿಸಿದ ನೀರು ಹಾಯಿಸಬೇಕು. ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುತ್ತದೆ.