ಹತ್ತು ಸಾವಿರ ಚೀಟಿಗಳ ಬಳಿಕ

ಸಾಹಿತ್ಯದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಈಗ ಕಂಪ್ಯೂಟರಿನಿಂದ ಪಠ್ಯ ಪರಿಶೀಲಿಸುವ ಕಮ್ಮಟಗಳು ನಡೆಯುತ್ತವೆ. ಈ ವಿದ್ಯೆ ಹುಟ್ಟಿದ್ದೂ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪರದಾಟದಿಂದಲೇ. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬೂಸಾ, 13ನೇ ಶತಮಾನದ ದಾರ್ಶನಿಕ ಥಾಮಸ್ ಅಕ್ವಿನಾಸರ ಬರಹಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಅರಸುತ್ತಿದ್ದರು. ‘ಒಳಗೆ’ ಎಂಬರ್ಥದ ಪುಟ್ಟ ಲ್ಯಾಟಿನ್ ಪದ ‘ಇನ್’ನಲ್ಲೇ ಅದರ ಸುಳಿವಿದೆಯೆಂದು ಅವರಿಗೆ ಹೊಳೆಯಿತು. ಆ ಪದವಿರುವ ವಾಕ್ಯಗಳನ್ನು 10,000 ಚೀಟಿಗಳಲ್ಲಿ ಕೈಯಾರೆ ಬರೆದರು.

ಸಮಗ್ರ ಪದಸೂಚಿಯ ಆಸೆಯಿಂದ 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್‌ರ ನೆರವು ಪಡೆದರು. ಇಟಲಿಯ ಗಲ್ಲರಾತೆಯಲ್ಲಿ ತರಬೇತಿ ಪಡೆದ ಯುವತಿಯರು ಪಠ್ಯವನ್ನು ಪಂಚ್ ಕಾರ್ಡುಗಳಿಗೆ ಇಳಿಸಿದರು. ಒಂದು ಕೋಟಿಗೂ ಮೀರಿದ ಪದಗಳ ಸೂಚಿ 1980ರ ಹೊತ್ತಿಗೆ 56 ಸಂಪುಟಗಳಾಗಿ ಅಚ್ಚಾಯಿತು.

ಎಣಿಸುವ ಕೆಲಸ ಯಂತ್ರದ್ದಾಯಿತು. ಆದರೆ ‘ಇನ್’ ಎಂಬ ಪದವನ್ನು ಗಮನಿಸಬೇಕೆಂದು ಹೊಳೆದದ್ದು ಪುಟಪುಟ ಓದಿದವರಿಗೆ. ಕಮ್ಮಟದ ಮೊದಲ ಪಾಠ ಇದೇ ಆಗಬೇಕು.